ತಪ್ಪು ಇಂಗ್ಲಿಷಿನಲ್ಲಿ, ಸುಳಿವು ಕನ್ನಡದಲ್ಲಿ

‘ಮೂರು ವರ್ಷದಿಂದ ಕೆಸರೆಯಲ್ಲಿದ್ದೇನೆ.’ ಕನ್ನಡದಲ್ಲಿ ಈ ಮಾತಿಗೆ ಯಾವ ಕುಂದೂ ಇಲ್ಲ. ಅದನ್ನೇ ‘ಐ ಆ್ಯಮ್ ಲಿವಿಂಗ್ ಇನ್ ಕೆಸರೆ ಸಿನ್ಸ್ ತ್ರೀ ಇಯರ್ಸ್’ ಎಂದು ಇಂಗ್ಲಿಷಿಗೆ ತಂದರೆ ಒಂದೇ ಸಾಲಿನಲ್ಲಿ ಎರಡು ತಪ್ಪು. ‘ಐ ಹ್ಯಾವ್ ಬೀನ್ ಲಿವಿಂಗ್ ಇನ್ ಕೆಸರೆ ಫಾರ್ ತ್ರೀ ಇಯರ್ಸ್’ ಎಂದಿರಬೇಕು. ಸಿಬ್ಬಂದಿ ನೇಮಕಾತಿ ಆಯೋಗ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಎಸ್‌ಸಿ, ಪದವೀಧರರಿಗಾಗಿ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಥ ಒಂದು ಪ್ರಶ್ನೆಗೆ 2 ಅಂಕ. ಉತ್ತರ ತಪ್ಪಾದರೆ ಆ ಎರಡೂ ಸಿಗುವುದಿಲ್ಲ, ಮೇಲೆ ಅರ್ಧ ಅಂಕ ಕಳೆಯುತ್ತಾರೆ. 100 ಪ್ರಶ್ನೆಗೆ ಸಿಗುವ ಸಮಯ 60 ನಿಮಿಷ. ಒಂದೊಂದಕ್ಕೆ 36 ಸೆಕೆಂಡು.

ಕೆಸರೆ ಮೈಸೂರಿನ ಈಶಾನ್ಯದ ಅಂಚು. ಹಿಂದೆ ಬೇಸಾಯದ ಹಳ್ಳಿ, ಈಗ ಎರಡನೇ ಹಂತ, ಮೂರನೇ ಹಂತ ಎಂದು ಬೆಳೆದು ನಗರದೊಳಕ್ಕೆ ಸೇರಿಹೋಗಿದೆ. 2024ರಲ್ಲಿ ಇಲ್ಲಿನ ಜಮೀನೊಂದರ ಸುದ್ದಿಯಿಂದಾಗಿ ಈ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ಸುದ್ದಿಯ ಆಚೆಗೆ ಕೆಸರೆ ಎಂದರೆ ದುಡಿದು ತಿನ್ನುವ ಜನರ ಬಡಾವಣೆ. ಕನ್ನಡದ ಪಕ್ಕದಲ್ಲೇ ಉರ್ದು ಕೇಳಿಸುತ್ತದೆ, ತಮಿಳು, ತೆಲುಗು ಮಾತನಾಡುವ ಮನೆಗಳೂ ಇವೆ. ಇಂಥ ಬಡಾವಣೆಯ ಮಕ್ಕಳಿಗೆ ಸರ್ಕಾರಿ ಕೆಲಸ ಎಂದರೆ ಮನೆಯಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳ ಬರುವ ದಾರಿ. ಆ ದಾರಿಯ ಬಾಗಿಲಲ್ಲಿ ಲೆಕ್ಕ, ಸಾಮಾನ್ಯ ಜ್ಞಾನಗಳ ಜೊತೆಗೆ ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಯೂ ಕಾದಿರುತ್ತದೆ.

ಈ ಪ್ರಶ್ನೆಗಳಿಗೆ ಎರಡು ಮುಖ್ಯ ರೂಪ. ಮೊದಲನೆಯದು ‘ಸ್ಪಾಟ್ ದಿ ಎರರ್’. ಒಂದು ವಾಕ್ಯವನ್ನು ಮೂರು ನಾಲ್ಕು ತುಂಡು ಮಾಡಿ ಯಾವ ತುಂಡಿನಲ್ಲಿ ತಪ್ಪಿದೆ ಎಂದು ಕೇಳುತ್ತಾರೆ. ಎರಡನೆಯದು ‘ಸೆಂಟೆನ್ಸ್ ಇಂಪ್ರೂವ್‌ಮೆಂಟ್’. ಗೆರೆ ಎಳೆದ ಭಾಗದ ಜಾಗಕ್ಕೆ ಸರಿಯಾದುದನ್ನು ಆರಿಸಬೇಕು. ‘ತಪ್ಪೇ ಇಲ್ಲ’, ‘ಬದಲಾವಣೆ ಬೇಡ’ ಎಂಬ ಆಯ್ಕೆಯೂ ಸಾಮಾನ್ಯವಾಗಿ ಇರುತ್ತದೆ. ಐಬಿಪಿಎಸ್ ನಡೆಸುವ ಬ್ಯಾಂಕ್ ಗುಮಾಸ್ತರ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ರಾಜ್ಯ ಲೋಕಸೇವಾ ಆಯೋಗದ, ಅಂದರೆ ಕೆಪಿಎಸ್‌ಸಿಯ, ಗ್ರೂಪ್ ‘ಸಿ’ ಹುದ್ದೆಗಳ ಸಂವಹನ ಪತ್ರಿಕೆಯಲ್ಲಿ ಸಾಮಾನ್ಯ ಕನ್ನಡಕ್ಕೆ 35, ಸಾಮಾನ್ಯ ಇಂಗ್ಲಿಷಿಗೆ 35, ಕಂಪ್ಯೂಟರ್ ಜ್ಞಾನಕ್ಕೆ 30 ಅಂಕ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 300 ಅಂಕದ ಇಂಗ್ಲಿಷ್ ಪತ್ರಿಕೆಯಲ್ಲಂತೂ ಆಯ್ಕೆಗಳೂ ಇಲ್ಲ. ತಪ್ಪು ವಾಕ್ಯವನ್ನು ಕೈಯಾರೆ ತಿದ್ದಿ ಬರೆಯಬೇಕು. ಅಲ್ಲಿ ಶೇ 25 ಬಾರದಿದ್ದರೆ ಉಳಿದ ಪತ್ರಿಕೆಗಳ ಅಂಕ ಲೆಕ್ಕಕ್ಕೇ ಬರುವುದಿಲ್ಲ.

ಕನ್ನಡದಲ್ಲೇ ಪರೀಕ್ಷೆ ಬರೆಯುವ ಅವಕಾಶ ಬಂದಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಬಂದಿದೆ ನಿಜ. 2023ರಲ್ಲಿ ಎಸ್‌ಎಸ್‌ಸಿ ತನ್ನ ಎಂಟಿಎಸ್ (ಬಹುಕಾರ್ಯ ಸಿಬ್ಬಂದಿ) ಪರೀಕ್ಷೆಯನ್ನು ಹಿಂದಿ, ಇಂಗ್ಲಿಷ್ ಅಲ್ಲದೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಿತು. ವರ್ಷಗಟ್ಟಲೆ ಕೇಳಿದ ಮೇಲೆ ಸಿಕ್ಕ ಹಕ್ಕು ಅದು. ಆದರೆ ಆ ಪರೀಕ್ಷೆಯ ಒಳಗಿನ ಲೆಕ್ಕ ನೋಡಿ. ಮೊದಲ ಅವಧಿಯ ಗಣಿತ ಮತ್ತು ತಾರ್ಕಿಕ ಪ್ರಶ್ನೆಗಳಲ್ಲಿ ಅರ್ಹತೆ ಪಡೆದರೆ ಸಾಕು. ಶ್ರೇಯಾಂಕ ನಿರ್ಧಾರವಾಗುವುದು ಎರಡನೇ ಅವಧಿಯಲ್ಲಿ. ಅಲ್ಲಿ ಸಾಮಾನ್ಯ ಜ್ಞಾನಕ್ಕೆ 75 ಅಂಕ, ಇಂಗ್ಲಿಷಿಗೆ 75 ಅಂಕ. ಕಚೇರಿಯಲ್ಲಿ ಕಡತ ಸಾಗಿಸುವ, ಕೋಣೆ ಅಚ್ಚುಕಟ್ಟಾಗಿಡುವ ಕೆಲಸಕ್ಕೂ ಹಣೆಬರಹದ ಅರ್ಧಭಾಗವನ್ನು ಇಂಗ್ಲಿಷೇ ಬರೆಯುತ್ತದೆ. ಇದು ನ್ಯಾಯವಲ್ಲ. ಆ ಹುದ್ದೆಗೆ ಅರ್ಹತೆಯ ಮಟ್ಟದ ಇಂಗ್ಲಿಷ್ ಸಾಕು, ಅದನ್ನು ಶ್ರೇಯಾಂಕದ ತಕ್ಕಡಿಗೆ ಹಾಕಬೇಕಿಲ್ಲ. ಆ ವಾದ ಗೆಲ್ಲುವ ತನಕ ಮಕ್ಕಳು ಕಾಯುತ್ತ ಕೂರಲಾರರು. ಈಗಿರುವ ಪ್ರಶ್ನೆಗಳನ್ನು ಬಿಡಿಸಲು ಅವರಿಗೆ ದಾರಿ ಬೇಕು.

ಶಾಲೆಯಲ್ಲಿ ಸಿಗುವ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಎಸ್‌ಎಸ್‌ಎಲ್‌ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪತ್ರಿಕೆಯಲ್ಲಿ ವಾಕ್ಯ ತಿದ್ದುವ ಪ್ರಶ್ನೆಯೂ ಇರುತ್ತದೆ. ಆದರೆ ಅಲ್ಲಿ ಸುಳಿವು ಕೊಟ್ಟಿರುತ್ತಾರೆ: ಇಲ್ಲಿ ದೊಡ್ಡಕ್ಷರ ಬೇಕು, ಇಲ್ಲಿ ಸರಿಯಾದ ಆರ್ಟಿಕಲ್ ಬೇಕು ಎಂದು. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸುಳಿವಿಲ್ಲ. ಎಲ್ಲಿ ತಪ್ಪಿದೆ ಎಂದು ಕಾಣುವುದೇ ಪ್ರಶ್ನೆ.

ಕೋಚಿಂಗ್ ತರಗತಿಗಳು ಸಾಮಾನ್ಯವಾಗಿ ನಿಯಮಗಳ ಪಟ್ಟಿ ಕೊಡುತ್ತವೆ. ಸಬ್ಜೆಕ್ಟ್-ವರ್ಬ್ ಅಗ್ರಿಮೆಂಟಿಗೆ ಇಷ್ಟು ನಿಯಮ, ಪ್ರಿಪೊಸಿಷನ್‌ಗೆ ಅಷ್ಟು. ಜೊತೆಗೆ ರೆನ್ ಮತ್ತು ಮಾರ್ಟಿನ್ ವ್ಯಾಕರಣ. 1930ರ ದಶಕದಲ್ಲಿ ಬಂದ ಈ ಪುಸ್ತಕದ ಪಿ.ಸಿ. ರೆನ್ ಭಾರತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. ಮರಳುಗಾಡಿನ ಸೈನಿಕರ ಕಥೆಯಾದ ‘ಬೋ ಜೆಸ್ಟ್’ ಕಾದಂಬರಿಯನ್ನು ಬರೆದವರೂ ಅವರೇ. ಮುಂದೆ ಎನ್.ಡಿ.ವಿ. ಪ್ರಸಾದ ರಾವ್ ಪರಿಷ್ಕರಿಸಿದ ಆ ಪುಸ್ತಕ ಇಂದಿಗೂ ಅಭ್ಯರ್ಥಿಗಳ ಮೇಜಿನ ಮೇಲಿದೆ. ಅದು ಅಚ್ಚುಕಟ್ಟಾದ ಪುಸ್ತಕ. ಆದರೆ ಓದುವ ಹುಡುಗನ ತಲೆಯೊಳಗೆ ಕನ್ನಡ ಇದೆ ಎಂಬುದು ಅದಕ್ಕೆ ತಿಳಿಯದು. ನೂರು ನಿಯಮ ಬಾಯಿಪಾಠ ಮಾಡಿದವರು 36 ಸೆಕೆಂಡಿನಲ್ಲಿ ಯಾವ ನಿಯಮವನ್ನು ಎತ್ತಿಕೊಳ್ಳಬೇಕು ಎಂದು ತಿಳಿಯದೆ ತಡವರಿಸುತ್ತಾರೆ.

ಕನ್ನಡಿಗರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳು ಎಲ್ಲೆಂದರಲ್ಲಿ ಬಿದ್ದವಲ್ಲ. ಅವಕ್ಕೊಂದು ಜಾಡಿದೆ, ಆ ಜಾಡು ಬಹಳಷ್ಟು ಸಲ ಕನ್ನಡದ ವಾಕ್ಯರಚನೆಯಲ್ಲೇ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಹಲವು ಪ್ರಶ್ನೆಗಳಲ್ಲಿ ಸರಿಯುತ್ತರವನ್ನು ತೋರಿಸಿಕೊಡುವುದೂ ಕನ್ನಡವೇ.

ಪರೀಕ್ಷೆಗಳಿಗೆ ಅತಿ ಪ್ರಿಯವಾದ ಒಂದು ಪ್ರಶ್ನೆ ನೋಡೋಣ. ‘ದಿ ಕಂಡಿಷನ್ ಆಫ್ ದಿ ರೋಡ್ಸ್ ಇನ್ ದಿ ವಿಲೇಜಸ್ ಹ್ಯಾವ್ ಇಂಪ್ರೂವ್ಡ್.’ ಕೇಳುವಾಗ ತಪ್ಪೇನೂ ಅನಿಸುವುದಿಲ್ಲ. ‘ಹ್ಯಾವ್’ ಪಕ್ಕದಲ್ಲಿ ‘ವಿಲೇಜಸ್’ ಎಂಬ ಬಹುವಚನ ಕುಳಿತಿದೆ, ಅದರ ಹಿಂದೆ ‘ರೋಡ್ಸ್’ ಇದೆ. ಕಿವಿ ಮೋಸ ಹೋಗುತ್ತದೆ. ಈಗ ಅದನ್ನೇ ಕನ್ನಡದಲ್ಲಿ ಹೇಳಿ: ‘ಹಳ್ಳಿಗಳ ರಸ್ತೆಗಳ ಸ್ಥಿತಿ ಸುಧಾರಿಸಿದೆ.’ ಸುಧಾರಿಸಿದ್ದು ಏನು? ಸ್ಥಿತಿ. ಒಂದೇ. ಆದ್ದರಿಂದ ‘ಹ್ಯಾಸ್’.

ಇದು ಕಾಕತಾಳೀಯವಲ್ಲ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮೊದಲು ಬಂದು ಅದನ್ನು ವಿವರಿಸುವ ಮಾತುಗಳು ಹಿಂದೆ ಸಾಲುಗಟ್ಟುತ್ತವೆ. ಹೀಗಾಗಿ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ದೂರ ಬೆಳೆಯುತ್ತದೆ. ಪರೀಕ್ಷಕರು ಬಲೆ ಹರಡುವುದು ಆ ದೂರದಲ್ಲಿ. ಕನ್ನಡದಲ್ಲಿ ವಿವರಣೆಯೆಲ್ಲ ಮುಂಚೆ ಬಂದು ಮುಖ್ಯ ನಾಮಪದ ಕೊನೆಗೆ ನಿಲ್ಲುತ್ತದೆ. ಹಾಗಾಗಿ ಇಂಥ ವಾಕ್ಯಗಳಲ್ಲಿ ಅದು ಕ್ರಿಯಾಪದಕ್ಕೆ ತಾಗಿಕೊಂಡೇ ಇರುತ್ತದೆ. ‘ದಿ ಲಿಸ್ಟ್ ಆಫ್ ಸೆಲೆಕ್ಟೆಡ್ ಕ್ಯಾಂಡಿಡೇಟ್ಸ್ ಹ್ಯಾವ್ ಬೀನ್ ಪಬ್ಲಿಷ್ಡ್’ ಎಂಬುದನ್ನು ‘ಆಯ್ಕೆಯಾದ ಅಭ್ಯರ್ಥಿಗಳ ಪಟ್ಟಿ ಪ್ರಕಟವಾಗಿದೆ’ ಎಂದ ಕೂಡಲೇ ಪಟ್ಟಿ ಕಣ್ಣಿಗೆ ಬೀಳುತ್ತದೆ. ‘ದೇವರಾಜ ಮಾರುಕಟ್ಟೆಯಲ್ಲಿ ಮಾರುವ ಮಾವಿನ ಹಣ್ಣುಗಳ ಗುಣಮಟ್ಟ ಚೆನ್ನಾಗಿದೆ’ ಎಂದಾಗ ಎಷ್ಟು ಹಣ್ಣಿದ್ದರೂ ಗುಣಮಟ್ಟ ಒಂದೇ. ಇದನ್ನು ಬೋಧಿಸಲು ನಿಯಮದ ಸಂಖ್ಯೆ ಬೇಕಿಲ್ಲ. ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು, ಕ್ರಿಯಾಪದಕ್ಕೆ ಅಂಟಿದ ಪದವನ್ನು ಹಿಡಿದರೆ ಸಾಕು.

‘ಜೊತೆ’ ಬಂದಾಗಲೂ ಅಷ್ಟೇ. ‘ಮೋಹನ್, ಅಲಾಂಗ್ ವಿತ್ ಹಿಸ್ ಬ್ರದರ್ಸ್, ಹ್ಯಾವ್ ಕಮ್’ ಎಂದರೆ ತಪ್ಪು, ‘ಹ್ಯಾಸ್ ಕಮ್’ ಸರಿ. ಕನ್ನಡದಲ್ಲಿ ‘ಮೋಹನ ತನ್ನ ತಮ್ಮಂದಿರ ಜೊತೆ ಬಂದಿದ್ದಾನೆ’ ಎನ್ನುತ್ತೇವೆ, ಏಕವಚನ. ‘ಮೋಹನನೂ ಅವನ ತಮ್ಮಂದಿರೂ ಬಂದಿದ್ದಾರೆ’ ಎಂದಾಗ ಬಹುವಚನ, ಅಲ್ಲಿ ಇಂಗ್ಲಿಷಿನಲ್ಲೂ ‘ಆ್ಯಂಡ್’ ಬಂದು ‘ಹ್ಯಾವ್’ ಸರಿಯಾಗುತ್ತದೆ. ‘ಒನ್ ಆಫ್ ಮೈ ಫ್ರೆಂಡ್’ ಎಂಬ ಮಾಮೂಲಿ ತಪ್ಪಿಗೂ ಮದ್ದು ಇಲ್ಲೇ ಇದೆ. ‘ಗೆಳೆಯರಲ್ಲಿ ಒಬ್ಬ’ ಎನ್ನುತ್ತೇವೆಯೇ ಹೊರತು ‘ಗೆಳೆಯನಲ್ಲಿ ಒಬ್ಬ’ ಎನ್ನುವುದಿಲ್ಲ. ಹಾಗಾಗಿ ‘ಫ್ರೆಂಡ್ಸ್’.

ಹೆಚ್ಚು ಅಂಕದ, ಹೆಚ್ಚು ಕಷ್ಟದ ಪರೀಕ್ಷೆಗಳಲ್ಲಿ ಇನ್ನೊಂದು ಬಗೆಯ ವಾಕ್ಯ ಬರುತ್ತದೆ: ‘ವಾಕಿಂಗ್ ಟು ಸ್ಕೂಲ್, ಎ ಡಾಗ್ ಬಿಟ್ ಹಿಮ್.’ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಇಲ್ಲಿ ಎಡವುತ್ತಾರೆ. ‘ಶಾಲೆಗೆ ನಡೆದುಹೋಗುತ್ತ ನಾಯಿ ಅವನನ್ನು ಕಚ್ಚಿತು’ ಎಂದು ಕನ್ನಡದಲ್ಲಿ ಹೇಳಿ ನೋಡಿ. ಶಾಲೆಗೆ ಹೊರಟದ್ದು ನಾಯಿಯೇ ಆಗಿಬಿಡುತ್ತದೆ! ‘ಹೋಗುತ್ತ’, ‘ಹೋಗಿ’ ಎಂಬ ಕೃದಂತಾವ್ಯಯಗಳಿಗೂ ಮುಖ್ಯ ಕ್ರಿಯಾಪದಕ್ಕೂ ಸಾಮಾನ್ಯವಾಗಿ ಕರ್ತೃ ಒಬ್ಬನೇ ಇರಬೇಕು. ಕರ್ತೃ ಬೇರೆಯಾದರೆ ನಾವು ತಾನಾಗಿಯೇ ‘ಹೋಗುತ್ತಿದ್ದಾಗ’ ಎಂದು ರೂಪ ಬದಲಿಸುತ್ತೇವೆ. ಇಂಗ್ಲಿಷಿನಲ್ಲೂ ಅದೇ ಆಗಬೇಕು: ‘ವೈಲ್ ಹಿ ವಾಸ್ ವಾಕಿಂಗ್ ಟು ಸ್ಕೂಲ್’. ಕೆಸರೆಯ ಯಾವ ಮಗುವೂ ತನ್ನ ಮಾತಿನಲ್ಲಿ ತಪ್ಪದ ನಿಯಮ ಇದು. ಅದು ತನಗೆ ಗೊತ್ತಿದೆ ಎಂಬುದು ಮಾತ್ರ ಆ ಮಗುವಿಗೆ ಗೊತ್ತಿಲ್ಲ, ಯಾರೂ ಹೇಳಿಕೊಟ್ಟಿಲ್ಲ.

‘ಇಫ್ ಇಟ್ ವಿಲ್ ರೇನ್’ ಎಂಬ ತಪ್ಪೂ ಕನ್ನಡದಿಂದ ಬಂದದ್ದಲ್ಲ. ನಾಳೆಯ ಮಳೆಯ ಮಾತನಾಡುವಾಗಲೂ ನಾವು ‘ಬಂದರೆ’ ಎನ್ನುತ್ತೇವೆ, ಭವಿಷ್ಯತ್ಕಾಲದ ಗುರುತು ಅದರಲ್ಲಿ ಇಲ್ಲ. ‘ಮಳೆ ಬಂದರೂ ಆದರೆ ಆಟ ನಿಲ್ಲಲಿಲ್ಲ’ ಎಂದು ಯಾರೂ ಹೇಳುವುದಿಲ್ಲ. ಆದರೂ ‘ಆಲ್ದೋ’ ಜೊತೆಗೆ ‘ಬಟ್’ ಸೇರಿಸುತ್ತಾರೆ. ಇಂಥ ಕಡೆ ಕನ್ನಡವನ್ನು ನಂಬಿದವರಿಗೆ ಅಂಕ ಸಿಗುತ್ತದೆ.

ಎಲ್ಲ ಕಡೆ ಹಾಗಲ್ಲ. ಕನ್ನಡ ದಾರಿ ತಪ್ಪಿಸುವ ಜಾಗಗಳೂ ಇವೆ, ಅವನ್ನು ಅಷ್ಟೇ ಸ್ಪಷ್ಟವಾಗಿ ಗುರುತಿಸಬೇಕು. ಮೊದಲ ಸಾಲಿನ ವಾಕ್ಯಕ್ಕೆ ಬಂದರೆ, ‘ಸೋಮವಾರದಿಂದ ಜ್ವರ’ ಎನ್ನುವಾಗಲೂ ‘ಮೂರು ದಿನದಿಂದ ಜ್ವರ’ ಎನ್ನುವಾಗಲೂ ಕನ್ನಡಕ್ಕೆ ‘ಇಂದ’ ಒಂದೇ ಪ್ರತ್ಯಯ. ಶುರುವಾದ ಗಳಿಗೆ ಬೇರೆ, ಕಳೆದ ಅವಧಿ ಬೇರೆ ಎಂದು ಅದು ವಿಂಗಡಿಸುವುದಿಲ್ಲ. ಪಕ್ಕದ ಮನೆಯ ಉರ್ದುವಿನ ‘ತೀನ್ ಸಾಲ್ ಸೇ’ ಕೂಡ ವಿಂಗಡಿಸುವುದಿಲ್ಲ. ಇಂಗ್ಲಿಷ್ ವಿಂಗಡಿಸುತ್ತದೆ: ಶುರುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಹಾಗೆಯೇ ‘ಇದ್ದೇನೆ’ ಎಂಬ ವರ್ತಮಾನ ರೂಪ ಕನ್ನಡದಲ್ಲಿ ಹಿಂದಿನಿಂದ ಇಂದಿನವರೆಗಿನ ಕಾಲವನ್ನೂ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಹ್ಯಾವ್ ಬೀನ್’ ಬೇಕು. ವಾಕ್ಯದಲ್ಲಿ ‘ಸಿನ್ಸ್’ ಕಂಡರೆ ಅದರ ಮುಂದೆ ಇರುವುದು ತಾರೀಖೋ ಲೆಕ್ಕವೋ ಎಂದು ನೋಡುವ ರೂಢಿ ಮಾಡಿಕೊಂಡರೆ ಈ ಒಂದು ತಪ್ಪು ಹತ್ತಾರು ಪ್ರಶ್ನೆಪತ್ರಿಕೆಗಳಲ್ಲಿ ತಪ್ಪುತ್ತದೆ.

ವಿಭಕ್ತಿ ಪ್ರತ್ಯಯಗಳು, ‘ಮೇಲೆ’, ‘ಬಗ್ಗೆ’ಯಂಥ ಪದಗಳು ಇನ್ನೊಂದು ಜಾಗ. ‘ನನ್ನ ಮೇಲೆ ಕೋಪ’ ಇಂಗ್ಲಿಷಿಗೆ ‘ಆಂಗ್ರಿ ಆನ್ ಮಿ’ ಆಗಿ ಹೋಗುತ್ತದೆ, ಬೇಕಾದ್ದು ‘ವಿತ್’. ‘ಬಜೆಟ್ ಬಗ್ಗೆ ಚರ್ಚಿಸಿದರು’ ಎಂಬುದರಲ್ಲಿನ ‘ಬಗ್ಗೆ’ ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ, ‘ಅಬೌಟ್’ ಬೇಡ. ‘ಸ್ಟೇಷನ್ನಿಗೆ ತಲುಪಿದ’ದ್ದು ‘ರೀಚ್ಡ್ ಟು’ ಆಗುತ್ತದೆ, ‘ಟು’ ಬೇಡ. ‘ಕೋಣೆಯೊಳಗೆ’ ಹೋದದ್ದು ‘ಎಂಟರ್ಡ್ ಇನ್‌ಟು’ ಆಗುತ್ತದೆ, ‘ಇನ್‌ಟು’ ಬೇಡ. ‘ಅರ್ಥ ಆಗ್ತಿದೆ’ ಎಂಬ ದಿನನಿತ್ಯದ ಮಾತು ‘ಐ ಆ್ಯಮ್ ಅಂಡರ್‌ಸ್ಟ್ಯಾಂಡಿಂಗ್’ ಆಗುತ್ತದೆ. ‘ನಾಲ್ಕು ಬಸ್ಸು’, ‘ಹತ್ತು ಮರ’ ಎಂದು ಸಂಖ್ಯೆಯ ಮುಂದೆ ಏಕವಚನವನ್ನೇ ಬಳಸುವ ನಮ್ಮ ಸಹಜ ರೂಢಿಯಿಂದ ‘ಟೆನ್ ಟ್ರೀ’ ಬರುತ್ತದೆ.

ಪ್ರಶ್ನೆಯೊಳಗಿನ ಪ್ರಶ್ನೆ ಇನ್ನೂ ಸೂಕ್ಷ್ಮ. ‘ಎಲ್ಲಿಗೆ ಹೋಗುತ್ತಿದ್ದೀಯ ಎಂದು ಕೇಳಿದ’ ಎನ್ನುವಾಗ ಕನ್ನಡ ಆ ಪ್ರಶ್ನೆಯನ್ನು ಇದ್ದಹಾಗೇ ಇಟ್ಟು ‘ಎಂದು’ ಸೇರಿಸುತ್ತದೆ. ಅದರಂತೆ ನಡೆದವರು ‘ಹಿ ಆಸ್ಕ್ಡ್ ಮಿ ವೇರ್ ವಾಸ್ ಐ ಗೋಯಿಂಗ್’ ಎಂದು ಬರೆಯುತ್ತಾರೆ. ಒಳಗಿನ ಪ್ರಶ್ನೆ ಪರೋಕ್ಷವಾದಾಗ ಇಂಗ್ಲಿಷಿನಲ್ಲಿ ಪದಗಳ ಸಾಲು ಸಾಮಾನ್ಯ ವಾಕ್ಯದಂತೆ ಆಗಬೇಕು: ‘ವೇರ್ ಐ ವಾಸ್ ಗೋಯಿಂಗ್’.

ಆರ್ಟಿಕಲ್‌ಗಳ ವಿಷಯದಲ್ಲಿ ಕನ್ನಡ ಏನೂ ಹೇಳುವುದಿಲ್ಲ ಎಂದು ಎಲ್ಲರೂ ಭಾವಿಸಿದ್ದಾರೆ. ಸ್ವಲ್ಪ ಹೇಳುತ್ತದೆ. ‘ಪುಸ್ತಕ ತಗೊಂಡು ಬಾ’ ಎಂದರೆ ಯಾವುದಾದರೂ ಒಂದು ಪುಸ್ತಕ ಆಗಬಹುದು. ‘ಪುಸ್ತಕವನ್ನು ತಗೊಂಡು ಬಾ’ ಎಂದರೆ ಹೇಳುವವರಿಗೂ ಕೇಳುವವರಿಗೂ ಗೊತ್ತಿರುವ ಪುಸ್ತಕ ಎಂಬ ಭಾವ ಬರುತ್ತದೆ. ನಿರ್ಜೀವ ವಸ್ತುಗಳ ಮಾತಿನಲ್ಲಿ ‘ಅನ್ನು’ ಸೇರಿದರೆ ಗುರುತು ಗಟ್ಟಿಯಾಗುತ್ತದೆ. ‘ದಿ’ ಮಾಡುವ ಕೆಲಸಕ್ಕೆ ಅದು ಹತ್ತಿರ. ಇನ್ನು ‘ಎ’, ‘ಆ್ಯನ್’ ಗೊಂದಲಕ್ಕೆ ನಮ್ಮ ಲಿಪಿಯೇ ಸಾಧನ. ಮುಂದಿನ ಪದವನ್ನು ಕನ್ನಡದಲ್ಲಿ ಬರೆದು ನೋಡಬೇಕು. ‘ಅವರ್’ ಸ್ವರದಿಂದ ಶುರುವಾಗುತ್ತದೆ, ‘ಆ್ಯನ್ ಅವರ್’. ‘ಯೂನಿವರ್ಸಿಟಿ’ ಯಕಾರದಿಂದ, ‘ಎ ಯೂನಿವರ್ಸಿಟಿ’. ‘ಎಂಎಲ್‌ಎ’ ಎಕಾರದಿಂದ, ‘ಆ್ಯನ್ ಎಂಎಲ್‌ಎ’. ಇಂಗ್ಲಿಷ್ ಕಾಗುಣಿತ ಮುಚ್ಚಿಡುವ ಸದ್ದನ್ನು ಕನ್ನಡ ಅಕ್ಷರ ತೆರೆದಿಡುತ್ತದೆ. ಒಂದೇ ಎಚ್ಚರ: ನಾವು ‘ಒನ್’ ಎಂದು ಬರೆದರೂ ಇಂಗ್ಲಿಷಿನವರ ಬಾಯಲ್ಲಿ ಅದು ‘ವನ್’, ಹಾಗಾಗಿ ‘ಎ ಒನ್ ರುಪೀ ನೋಟ್’.

ಕನ್ನಡ ನಿಜಕ್ಕೂ ಮೌನವಾಗುವ ಜಾಗಗಳೂ ಇವೆ. ‘ನೀದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್’ ಮುಂದೆ ‘ವಾಸ್’ ಬೇಕೋ ‘ವರ್’ ಬೇಕೋ? ‘ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ಬಂದಿಲ್ಲ’ ಎನ್ನುವಾಗ ‘ಇಲ್ಲ’ ಎಂಬುದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. ಸುಳಿವು ಸಿಗದು. ಹತ್ತಿರದ ಪದಕ್ಕೆ ಕ್ರಿಯಾಪದ ಹೊಂದಬೇಕು ಎಂಬ ನಿಯಮವನ್ನು ಕಲಿತೇ ತೀರಬೇಕು. ಇಲ್ಲಿ ‘ವರ್’ ಸರಿ. ‘ಸೀನಿಯರ್’ ಮುಂದೆ ‘ದ್ಯಾನ್’ ಬಾರದೆ ‘ಟು’ ಬರುವುದು, ‘ಫರ್ನಿಚರ್’ ಬಹುವಚನವಾಗದಿರುವುದು, ಇವೆಲ್ಲ ಈ ಗುಂಪಿನವು.

ಕಲಿಯುವವರ ತಪ್ಪುಗಳಿಗೆ ಜಾಡಿದೆ ಎಂಬ ವಿಚಾರ ಹೊಸದಲ್ಲ. ಅಮೆರಿಕದ ರಾಬರ್ಟ್ ಲ್ಯಾಡೊ 1957ರಲ್ಲೇ ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಲಿಯುವವರ ಕಷ್ಟ ಎಲ್ಲಿದೆ ಎಂದು ಊಹಿಸಬಹುದು ಎಂದಿದ್ದರು. 1967ರಲ್ಲಿ ಪಿಟ್ ಕಾರ್ಡರ್ ಒಂದು ಹೆಜ್ಜೆ ಮುಂದೆ ಹೋಗಿ, ತಪ್ಪು ಎಂಬುದು ಕಲಿಯುವವರ ಒಳಗೆ ಒಂದು ವ್ಯವಸ್ಥೆ ರೂಪುಗೊಳ್ಳುತ್ತಿರುವುದರ ಸಾಕ್ಷಿ ಎಂದು ವಾದಿಸಿದರು. ಎಲ್ಲ ತಪ್ಪೂ ತಾಯ್ನುಡಿಯಿಂದ ಬರುವುದಿಲ್ಲ ಎಂಬುದೂ ಆಮೇಲಿನ ಅಧ್ಯಯನಗಳಿಂದ ಸ್ಪಷ್ಟವಾಯಿತು. ‘ಕ್ಯಾನ್ ಏಬಲ್ ಟು’ ಎಂಬ ತಪ್ಪಿಗೆ ಕನ್ನಡ ಹೊಣೆಯಲ್ಲ. ಇಂಗ್ಲಿಷಿನ ಎರಡು ರೂಪಗಳು ಒಂದಕ್ಕೊಂದು ಬೆರೆತಿವೆ, ಅಷ್ಟೆ.

ಎರಡು ಭಾಷೆಗಳನ್ನು ಹೋಲಿಸಿ ಕಲಿಸುವುದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದು ನಡೆದದ್ದೂ ದಕ್ಷಿಣ ಭಾರತದಲ್ಲೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಬೆಂಬಲದಲ್ಲಿ ಶಾಲಾ ತರಗತಿಗಳಲ್ಲಿ ವ್ಯಾಕರಣವನ್ನು ನೇರವಾಗಿ ಹೇಳಿಕೊಡದೆ ಇಂಗ್ಲಿಷ್ ಕಲಿಸಲು ಹೊರಟರು. ಮಕ್ಕಳು ನಕ್ಷೆ, ವೇಳಾಪಟ್ಟಿ ನೋಡಿ ಸಮಸ್ಯೆ ಬಿಡಿಸುತ್ತ ಅರ್ಥದ ಕಡೆ ಗಮನ ಕೊಟ್ಟರೆ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. ‘ಬೆಂಗಳೂರು ಪ್ರಾಜೆಕ್ಟ್’ ಎಂದು ಜಗತ್ತಿನ ಭಾಷಾಬೋಧಕರೆಲ್ಲ ಇಂದಿಗೂ ಓದುವುದು ಇದನ್ನೇ. ಚಿಕ್ಕ ಮಕ್ಕಳಿಗೆ ಅದು ಒಳ್ಳೆಯ ದಾರಿ. ಆದರೆ ಇಪ್ಪತ್ತೆರಡರ ವಯಸ್ಸಿನಲ್ಲಿ ಅರ್ಜಿ ಹಾಕಿ ಪರೀಕ್ಷೆಯ ದಿನಾಂಕಕ್ಕೆ ಕಾಯುತ್ತಿರುವವರಿಗೆ ಅಷ್ಟು ನಿಧಾನಕ್ಕೆ ಅವಕಾಶವಿಲ್ಲ. ಅವರಿಗೆ ಬೇಕಾದದ್ದು ಎರಡೂ ಭಾಷೆಗಳನ್ನು ಎದುರೆದುರು ಇಟ್ಟು ತೋರಿಸುವ ಪಾಠ.

ಅಂಥ ಪಾಠ ಕಟ್ಟಲು ಮೈಸೂರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. 1969ರಲ್ಲಿ ಶುರುವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಇರುವುದು ಇಲ್ಲೇ, ಶಿಕ್ಷಕರನ್ನು ತಯಾರಿಸುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇಲ್ಲೇ ಇದೆ, ಮೈಸೂರು ವಿಶ್ವವಿದ್ಯಾಲಯವೂ ಮುಕ್ತ ವಿಶ್ವವಿದ್ಯಾಲಯವೂ ಇವೆ. ಎಲ್ಲವೂ ಕೆಸರೆಯಿಂದ ಊರಿನ ಇನ್ನೊಂದು ದಿಕ್ಕಿಗೆ. ಕನ್ನಡ-ಇಂಗ್ಲಿಷ್ ವಾಕ್ಯಗಳನ್ನು ಜೋಡಿಯಾಗಿ ಇಟ್ಟ ಒಂದು ತೆಳು ಪುಸ್ತಕ ಆ ದಿಕ್ಕಿನಿಂದ ಬಂದು ಕೆಸರೆಯಂಥ ಬಡಾವಣೆಗಳ ಗ್ರಂಥಾಲಯ ಸೇರಿದರೆ ಅದರ ಬೆಲೆ ದೊಡ್ಡದು.

ಅದಕ್ಕೊಂದು ಅಡ್ಡಿಯೂ ಇದೆ. ನಮ್ಮ ಶಾಲೆಗಳ ಕನ್ನಡ ವ್ಯಾಕರಣದಲ್ಲಿ ಸಂಧಿ, ಸಮಾಸ, ವಿಭಕ್ತಿಗಳಿಗೆ ಸಿಕ್ಕ ಜಾಗ ವಾಕ್ಯಕ್ಕೆ ಸಿಕ್ಕಿಲ್ಲ. 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ 1604ರ ಭಟ್ಟಾಕಳಂಕನ ‘ಶಬ್ದಾನುಶಾಸನ’ದವರೆಗೆ ದೊಡ್ಡ ಪರಂಪರೆಯೇ ನಮಗಿದೆ. ಆದರೆ ಆ ಚೌಕಟ್ಟು ಸಂಸ್ಕೃತದ್ದು, ಕನ್ನಡಕ್ಕೆ ಅದರದ್ದೇ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ಒಂದು ಪುಸ್ತಕವನ್ನೇ ಬರೆದರು. ಸವರ್ಣದೀರ್ಘ ಸಂಧಿಯನ್ನು ಬಿಡಿಸಬಲ್ಲ ವಿದ್ಯಾರ್ಥಿಗೆ ‘ಹೋಗುತ್ತ’ಕ್ಕೂ ‘ಹೋಗುತ್ತಿದ್ದಾಗ’ಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಲು ಬಾರದಿರುವುದು ನಮ್ಮ ಬೋಧನೆಯ ಕೊರತೆ.

ಕನ್ನಡದ ವಾಕ್ಯ ತನಗೆ ಬರುತ್ತದೆ ಎಂಬ ಧೈರ್ಯವೂ ಎಷ್ಟೋ ಜನರಿಗೆ ಕೈಕೊಡುತ್ತದೆ. ಕೆಪಿಎಸ್‌ಸಿಯ ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕದ್ದು, ಪಾಸಾಗಲು 50 ಬೇಕು. ‘ಪುಸ್ತಕಗಳು ಇದೆ’ ಎಂದು ಆಡುವುದನ್ನೇ ಬರೆದರೆ ತಪ್ಪು, ‘ಇವೆ’ ಎಂದಾಗಬೇಕು. ‘ಅವರುಗಳು’ ಎಂದರೆ ಬಹುವಚನದ ಮೇಲೆ ಇನ್ನೊಂದು ಬಹುವಚನ. ‘ಸುಮಾರು ನೂರರಷ್ಟು’ ಎಂದರೆ ಒಂದೇ ಅರ್ಥ ಎರಡು ಸಲ.

ತಪ್ಪು ವಾಕ್ಯ ಅಭ್ಯರ್ಥಿಯ ಕಡೆಯಿಂದಲೇ ಬರಬೇಕೆಂದಿಲ್ಲ. 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಕೆಪಿಎಸ್‌ಸಿ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಪ್ರಶ್ನೆಗಳ ಕನ್ನಡ ರೂಪವೇ ದೋಷಗಳಿಂದ ತುಂಬಿತ್ತು. ಇಂಗ್ಲಿಷ್ ಓದದೆ ಕನ್ನಡವನ್ನೇ ನಂಬಿದವರಿಗೆ ಅನ್ಯಾಯವಾಯಿತು. ಪ್ರತಿಭಟನೆ ನಡೆದು, ಸೆಪ್ಟೆಂಬರ್ ಆರಂಭದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮರುಪರೀಕ್ಷೆಗೆ ಸೂಚಿಸಿದರು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಕನ್ನಡದ ಬಗ್ಗೆಯೂ ಮತ್ತೆ ದೂರುಗಳು ಬಂದವು. ಇಂಗ್ಲಿಷ್ ವಾಕ್ಯದ ಮೂಳೆಗೆ ಕನ್ನಡ ಪದಗಳನ್ನು ಹೊದಿಸಿದರೆ ಕನ್ನಡ ಹುಟ್ಟುವುದಿಲ್ಲ. ಅಭ್ಯರ್ಥಿ ‘ಸಿನ್ಸ್ ತ್ರೀ ಇಯರ್ಸ್’ ಬರೆದಾಗ ಆಗುವುದು ಇದೇ, ದಿಕ್ಕು ಮಾತ್ರ ಬೇರೆ. ಅಭ್ಯರ್ಥಿಯ ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. ಆಯೋಗದ ತಪ್ಪಿಗೆ ಲಕ್ಷಗಟ್ಟಲೆ ಜನರ ತಿಂಗಳುಗಳು ಹೋದವು.

ಜಗತ್ತಿನ ಬೇರೆ ಕಡೆ ವಾಕ್ಯ ತಿದ್ದುವ ಪ್ರಶ್ನೆಯೇ ಹಿಂದೆ ಸರಿಯುತ್ತಿದೆ. ಎಂಬಿಎ ಪ್ರವೇಶದ ಜಿಮ್ಯಾಟ್ ಪರೀಕ್ಷೆಯಲ್ಲಿ ‘ಸೆಂಟೆನ್ಸ್ ಕರೆಕ್ಷನ್’ ದಶಕಗಳ ಕಾಲ ಇತ್ತು. ಐದು ಆಯ್ಕೆ, ಮೊದಲನೆಯದು ಮೂಲ ವಾಕ್ಯವೇ. 2023ರ ನವೆಂಬರಿನಲ್ಲಿ ಬಂದ ಹೊಸ ಆವೃತ್ತಿ ಅದನ್ನು ಕೈಬಿಟ್ಟು, ಭಾಷಾ ವಿಭಾಗದಲ್ಲಿ ಓದಿ ಗ್ರಹಿಸುವ ಮತ್ತು ತರ್ಕಿಸುವ ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡಿತು. ನಮ್ಮ ಸರ್ಕಾರಿ ಪರೀಕ್ಷೆಗಳಲ್ಲಿ ಅಂಥ ಬದಲಾವಣೆ ಬಂದಿಲ್ಲ.

ಹಾಗಾಗಿ ಅಭ್ಯಾಸದ ಮಾತು. ಮಾಕ್ ಟೆಸ್ಟ್ ಬರೆದ ಮೇಲೆ ತಪ್ಪಿದ ಪ್ರತಿ ವಾಕ್ಯವನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಅದರ ಕೆಳಗೆ ತಾನು ಮನೆಯಲ್ಲಿ ಆಡುವ ಕನ್ನಡದಲ್ಲಿ ಅದೇ ಮಾತನ್ನು ಬರೆಯಬೇಕು. ಉರ್ದು ಮನೆಮಾತಿನವರು ಉರ್ದುವಿನಲ್ಲಿ ಬರೆದರೂ ಆಗುತ್ತದೆ. ಮನೆಮಾತು ಇಲ್ಲಿ ದಾರಿ ತೋರಿಸಿತ್ತೇ, ತಪ್ಪಿಸಿತ್ತೇ, ಸುಮ್ಮನಿತ್ತೇ ಎಂದು ಪಕ್ಕದಲ್ಲಿ ಗುರುತು ಹಾಕಬೇಕು. ಪರೀಕ್ಷೆಯ ಹಾಲ್‌ನಲ್ಲಿ ಮೊದಲು ಹುಡುಕಬೇಕಾದದ್ದು ಕ್ರಿಯಾಪದ, ಆಮೇಲೆ ಅದರ ಕರ್ತೃ, ಆಮೇಲೆ ಕಾಲ. ಪ್ರಿಪೊಸಿಷನ್, ಆರ್ಟಿಕಲ್‌ಗಳ ಸರದಿ ಕೊನೆಗೆ. ಇವೆಲ್ಲವನ್ನೂ ನೋಡಿ ತಪ್ಪು ಕಾಣದಿದ್ದರೆ ‘ನೋ ಎರರ್’ ಗುರುತಿಸಲು ಹಿಂಜರಿಯಬಾರದು. ತಪ್ಪು ಇದ್ದೇ ಇರುತ್ತದೆ ಎಂಬ ಗುಮಾನಿಯಿಂದ ಸರಿಯಾದ ವಾಕ್ಯವನ್ನು ಕೆಡಿಸುವವರು ಬಹಳ.

ಊಹೆ ಮಾಡಬೇಕೋ ಬಿಡಬೇಕೋ ಎಂಬುದಕ್ಕೂ ಲೆಕ್ಕವಿದೆ. ಸಿಜಿಎಲ್ ಮೊದಲ ಹಂತದಲ್ಲಿ ನಾಲ್ಕು ಆಯ್ಕೆ, ಸರಿಗೆ 2, ತಪ್ಪಿಗೆ ಅರ್ಧ. ಏನೂ ತಿಳಿಯದೆ ಗುರುತು ಹಾಕಿದರೂ ಸರಾಸರಿ 0.125 ಅಂಕದ ಲಾಭ. ಎಂಟಿಎಸ್ ಎರಡನೇ ಅವಧಿಯಲ್ಲಿ ಸರಿಗೆ 3, ತಪ್ಪಿಗೆ 1. ಕುರುಡು ಊಹೆಯಿಂದ ಸರಾಸರಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಐದು ಆಯ್ಕೆಯ ಬ್ಯಾಂಕ್ ಪರೀಕ್ಷೆಯಲ್ಲಿ ಸರಿಗೆ 1, ತಪ್ಪಿಗೆ ಕಾಲು, ಅಲ್ಲೂ ಸೊನ್ನೆ. ಲೆಕ್ಕ ಬದಲಾಗುವುದು ಆಯ್ಕೆಗಳನ್ನು ತಳ್ಳಿಹಾಕಲು ಬಂದಾಗ. ‘ರಸ್ತೆಗಳ ಸ್ಥಿತಿ ಸುಧಾರಿಸಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ‘ಹ್ಯಾವ್’ ಇರುವ ಎರಡು ಆಯ್ಕೆಗಳನ್ನು ಹೊಡೆದುಹಾಕಿದ ಅಭ್ಯರ್ಥಿ, ಉಳಿದೆರಡರಲ್ಲಿ ಯಾವುದೋ ಒಂದನ್ನು ಆರಿಸಿದರೂ ಸಿಜಿಎಲ್‌ನಲ್ಲಿ ಅಂಥ ಪ್ರತಿ ಪ್ರಶ್ನೆಯಿಂದ ಸರಾಸರಿ ಮುಕ್ಕಾಲು ಅಂಕ ಗಳಿಸುತ್ತಾಳೆ.